ಬಾಗಿಲು ಮುಚ್ಚಿಸಿದ ಮೇಲೆ ಊಟದ ಹೊಣೆ ಯಾರದು?

(ಮುಂಬಯಿಯ ಮಾಟುಂಗದಲ್ಲಿ ಸೇರಿದ್ದ ಕನ್ನಡಿಗರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಬರೆಯುವಾಗ ಕೆಲವು ಕಡೆ ಮಾತು ಬೆಳೆದಿದೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಹಾಮಾರಿಯ ಕಾಲದಲ್ಲಿ ಜೀವ ದೊಡ್ಡದೋ, ಹೊಟ್ಟೆಪಾಡು ದೊಡ್ಡದೋ ಎಂಬ ವಿಷಯದ ಮೇಲೆ ಮಾತಾಡಿ ಎಂದು ಸಂಘಟಕರು ಹೇಳಿದ್ದಾರೆ. 2020ರ ಮಾರ್ಚ್‌ನಲ್ಲಿ ಪ್ರಧಾನಿಯವರು ‘ಜಾನ್ ಹೈ ತೋ ಜಹಾನ್ ಹೈ’ (ಜೀವವಿದ್ದರೆ ಜಗತ್ತು) ಎಂದರು. ಮೂರು ವಾರ ತುಂಬುವ ಮೊದಲೇ ಅದು ‘ಜಾನ್ ಭೀ, ಜಹಾನ್ ಭೀ’ (ಜೀವವೂ, ಜಗತ್ತೂ) ಆಯಿತು. ಟೀವಿಯಲ್ಲಿ ಒಂದು ಪಂಗಡ ಸಾವಿನ ಸಂಖ್ಯೆ ಹೇಳುತ್ತಿತ್ತು, ಇನ್ನೊಂದು ಪಂಗಡ ಜಿಡಿಪಿ ಸಂಖ್ಯೆ ಹೇಳುತ್ತಿತ್ತು. ನಾನು ವೈದ್ಯನಲ್ಲ, ಅರ್ಥಶಾಸ್ತ್ರಜ್ಞನೂ ಅಲ್ಲ. ಮುಂಬಯಿಯ ಸಣ್ಣ ಹೋಟೆಲುಗಳ ಲೆಕ್ಕಪತ್ರ ನೋಡಿಕೊಂಡು ಬದುಕುವವನು. ಲೆಕ್ಕ ಬರೆಯಲು ಕೂತವನು ಮೊದಲು ಕೇಳುವುದು, ಖರ್ಚು ಯಾರ ಖಾತೆಗೆ, ಜಮೆ ಯಾರ ಖಾತೆಗೆ ಅಂತ. ಅದೇ ಪ್ರಶ್ನೆಯನ್ನು ಇಟ್ಟುಕೊಂಡು ಆ ಎರಡು ವರ್ಷಗಳನ್ನು ನೋಡೋಣ.

ಒಂದು ಹೋಟೆಲಿನಿಂದ ಶುರು ಮಾಡುತ್ತೇನೆ. ಫೋರ್ಟ್ ಕಡೆಯ ಗಲ್ಲಿಯೊಂದರಲ್ಲಿ, ಆಫೀಸಿನವರ ಮಧ್ಯಾಹ್ನದ ಊಟವನ್ನೇ ನಂಬಿಕೊಂಡಿದ್ದ ಜಾಗ. ಮಾಲೀಕರು ಕುಂದಾಪುರದ ಕಡೆಯವರು. ಹೋಟೆಲು ಅವರ ಸ್ವಂತದ್ದಲ್ಲ, ಕಂಡಕ್ಟಿಂಗ್ ಮೇಲೆ ನಡೆಸುತ್ತಿದ್ದರು. ಡಿಪಾಸಿಟ್ ಕೊಟ್ಟು, ವ್ಯಾಪಾರ ಆಗಲಿ ಬಿಡಲಿ ತಿಂಗಳು ತಿಂಗಳು ಲೈಸೆನ್ಸುದಾರರಿಗೆ ಇಷ್ಟು ಅಂತ ಎಣಿಸಬೇಕು. ಅಡುಗೆಮನೆಯಲ್ಲಿ ಇಬ್ಬರು ಮೂವರು ಊರಿನವರು, ಸಪ್ಲೈಗೆ ಯಾದಗಿರಿ ಕಡೆಯ ಹುಡುಗರು, ಒಡಿಶಾದವರು, ಪಾತ್ರೆ ತೊಳೆಯಲು ನೇಪಾಳದ ಒಬ್ಬ. ರಾತ್ರಿ ಶಟರ್ ಎಳೆದ ಮೇಲೆ ಟೇಬಲ್‌ಗಳನ್ನು ಜೋಡಿಸಿ ಹಾಸಿಗೆ ಬಿಚ್ಚಿದರೆ ಅದೇ ಅವರ ಮನೆ. ಸಾಮಾನೆಲ್ಲ ಮೇಲಿನ ಅಟ್ಟದಲ್ಲಿ. ಊಟ ಹೋಟೆಲಿನದ್ದೇ. ಕೈಗೆ ಬರುವ ಸಂಬಳ ಹೆಚ್ಚುಕಡಿಮೆ ಪೂರ್ತಿ ಊರಿಗೆ ಹೋಗುತ್ತದೆ.

ನೀವೆಲ್ಲ ನೋಡಿರುವ ಬದುಕೇ ಇದು, ನಿಮ್ಮಲ್ಲಿ ಹಲವರ ಅಪ್ಪಂದಿರು ಬದುಕಿದ್ದು ಹೀಗೆಯೇ. ಆದರೆ ಆರೋಗ್ಯದ ಆದೇಶ ಬರೆಯುವವರ ಕಣ್ಣಿಗೆ ಇದು ಬಿದ್ದಿರಲಿಲ್ಲ. ಅವರ ಪ್ರಕಾರ ಮುಚ್ಚಿದ್ದು ಒಂದು ಅಂಗಡಿ. ಅಲ್ಲಿದ್ದ ಹುಡುಗನಿಗೆ ಆ ಒಂದು ಶಟರಿನೊಂದಿಗೆ ಕೆಲಸ ಹೋಯಿತು, ಎರಡು ಹೊತ್ತಿನ ಊಟ ಹೋಯಿತು, ಮಲಗುವ ಜಾಗಕ್ಕೂ ಸಂಚಕಾರ ಬಂತು. ‘ಮನೆಯಲ್ಲೇ ಇರಿ’ ಎಂದಾಗ ಅವನು ಇರಬೇಕಾದ ಮನೆ ಯಾವುದು?

ದಿನಾಂಕಗಳನ್ನು ಜೋಡಿಸಿ ನೋಡಿ. 2020ರ ಮಾರ್ಚ್ 11ಕ್ಕೆ ಮುಂಬಯಿಯಲ್ಲಿ ಮೊದಲ ಸೋಂಕು ಪತ್ತೆಯಾಯಿತು. ಮಾರ್ಚ್ 22, ಜನತಾ ಕರ್ಫ್ಯೂ ದಿನ, ದೂರದ ಪ್ರಯಾಣಿಕ ರೈಲುಗಳನ್ನು ನಿಲ್ಲಿಸಿದರು, ಮಧ್ಯರಾತ್ರಿಗೆ ಲೋಕಲ್ ಕೂಡ ನಿಂತಿತು. ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ದೇಶವ್ಯಾಪಿ ಲಾಕ್‌ಡೌನ್ ಘೋಷಣೆ, ಹನ್ನೆರಡಕ್ಕೆ ಜಾರಿ. ಅಂದರೆ ರೈಲು ನಿಂತ ಎರಡು ದಿನದ ಮೇಲೆ, ನಾಲ್ಕು ಗಂಟೆಯ ಮುನ್ಸೂಚನೆ ಕೊಟ್ಟು, ಇದ್ದಲ್ಲೇ ಇರಿ ಎಂದರು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ದೇಶದೇಶಗಳ ನಿರ್ಬಂಧ ಎಷ್ಟು ಬಿಗಿ ಎಂದು ನೂರಕ್ಕೆ ಅಂಕ ಕೊಡುತ್ತಿದ್ದರು. ಆಗ ಭಾರತಕ್ಕೆ ಸಿಕ್ಕಿದ್ದು ನೂರಕ್ಕೆ ನೂರು.

ಮುನ್ಸೂಚನೆ ಕೊಟ್ಟಿದ್ದರೆ ಜನ ಊರಿಗೆ ಮುಗಿಬಿದ್ದು ರೋಗ ಹರಡುತ್ತಿತ್ತು ಎಂದು ಹೇಳುವವರಿದ್ದಾರೆ. ಆ ಭಯಕ್ಕೆ ಆಧಾರವಿದೆ, ಪ್ಲೇಗಿನ ಕಾಲದಲ್ಲಿ ಆದದ್ದು ಅದೇ, ಅದಕ್ಕೆ ಬರುತ್ತೇನೆ. ಆದರೆ ಲೆಕ್ಕ ಹಾಕಿ. ಮಾರ್ಚ್ 24ರಂದು ಇಡೀ ದೇಶದಲ್ಲಿ ಪತ್ತೆಯಾಗಿದ್ದ ಪ್ರಕರಣಗಳು ಐನೂರರ ಆಸುಪಾಸು. ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯುವ ಶ್ರಮಿಕ್ ರೈಲುಗಳು ಹೊರಟಿದ್ದು ಮೇ 1ರಿಂದ. ಆ ಹೊತ್ತಿಗೆ ಮಹಾರಾಷ್ಟ್ರವೊಂದರಲ್ಲೇ ಹತ್ತು ಸಾವಿರ ದಾಟಿತ್ತು. ರೋಗ ಕಡಿಮೆ ಇದ್ದಾಗ ಹೋಗಗೊಡದೆ, ಐದಾರು ವಾರ ಒಂದೇ ಖೋಲಿಯಲ್ಲಿ ಹತ್ತು ಹನ್ನೆರಡು ಜನರನ್ನು ಕೂಡಿಹಾಕಿ, ರೋಗ ಹೆಚ್ಚಿದ ಮೇಲೆ ಕಳಿಸಿದೆವು. ಇದರಿಂದ ಆರೋಗ್ಯವೂ ಉಳಿಯಲಿಲ್ಲ, ಹೊಟ್ಟೆಯೂ ತುಂಬಲಿಲ್ಲ. ತಡೆಯಲಾಗದೆ ನಡೆದು ಹೊರಟವರೂ ಇದ್ದರು. ಜಾಲ್ನಾದಿಂದ ಹೊರಟ ಹದಿನಾರು ಜನ ಕೂಲಿಕಾರರು ಮೇ 8ರ ಬೆಳಗಿನ ಜಾವ ಔರಂಗಾಬಾದ್ ಹತ್ತಿರ ಹಳಿಯ ಮೇಲೆ ಮಲಗಿದ್ದಾಗ ಗೂಡ್ಸ್ ರೈಲಿಗೆ ಸಿಕ್ಕಿ ಸತ್ತರು. ಅವರ ಸಾವು ಯಾವ ಕೋವಿಡ್ ಪಟ್ಟಿಯಲ್ಲೂ ಇಲ್ಲ.

ಈಗ ಮಾಟುಂಗಕ್ಕೆ ಬರೋಣ. 2020ರ ಜುಲೈನಲ್ಲಿ ಮುಂಬಯಿ ಪಾಲಿಕೆ, ನೀತಿ ಆಯೋಗ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿ ಮೂರು ವಾರ್ಡುಗಳಲ್ಲಿ ಸುಮಾರು ಏಳು ಸಾವಿರ ಜನರ ರಕ್ತ ಪರೀಕ್ಷೆ ಮಾಡಿ, ಸೋಂಕು ಬಂದು ಹೋಗಿದೆಯೇ ಎಂದು ನೋಡಿದರು. ಮೂರರಲ್ಲಿ ಒಂದು ನಮ್ಮ ಮಾಟುಂಗದ ವಾರ್ಡು, ಇನ್ನೆರಡು ಚೆಂಬೂರು ಮತ್ತು ದಹಿಸರ್. ಕೊಳೆಗೇರಿಗಳಲ್ಲಿ ನೂರಕ್ಕೆ 57 ಜನರಿಗೆ ಸೋಂಕು ತಗುಲಿ ಹೋಗಿತ್ತು. ಅದೇ ವಾರ್ಡುಗಳ ಕಟ್ಟಡಗಳಲ್ಲಿ, ಸೊಸೈಟಿಗಳಲ್ಲಿ, ನೂರಕ್ಕೆ 16.

ಈ ಎರಡು ಅಂಕಿಗಳನ್ನು ನಾನು ತುಂಬ ಸಲ ನೋಡಿದ್ದೇನೆ. ಒಂದೇ ಊರು, ಒಂದೇ ಆದೇಶ, ಒಂದೇ ಬಿಗಿ. ಕಟ್ಟಡದಲ್ಲಿದ್ದವರಿಗೆ ಬಾಗಿಲು ಹಾಕಿಕೊಂಡರೆ ರೋಗ ಹೊರಗೆ ಉಳಿಯಿತು. ಜೋಪಡಿಯಲ್ಲಿದ್ದವರಿಗೆ ಬಾಗಿಲು ಹಾಕಿಕೊಂಡರೂ ಬೆಳಿಗ್ಗೆ ಸಾಲು ನಿಲ್ಲಬೇಕಾದದ್ದು ಸಾರ್ವಜನಿಕ ಶೌಚಾಲಯದ ಮುಂದೆ. ಇಷ್ಟು ವ್ಯತ್ಯಾಸಕ್ಕೆ ಜನದಟ್ಟಣೆ ಮತ್ತು ಹಂಚಿಕೊಂಡ ಶೌಚಾಲಯಗಳೇ ಕಾರಣವಿರಬಹುದು ಎಂದು ಸಮೀಕ್ಷೆ ಮಾಡಿದವರೂ ಹೇಳಿದರು. ಈಗ ನನ್ನ ಖಾತೆ ಪುಸ್ತಕಕ್ಕೆ ಬನ್ನಿ. ದುಡಿಮೆ ಪೂರ್ತಿ ನಿಂತು ನಷ್ಟ ಉಂಡವರು ಯಾರು? ಜೋಪಡಿಯವರು, ಚಾಳಿನವರು, ಹೋಟೆಲಿನ ಅಟ್ಟದಲ್ಲಿ ಮಲಗುವವರು. ರಕ್ಷಣೆ ಸಿಕ್ಕಿದ್ದು ಯಾರಿಗೆ? ತಿಂಗಳ ಸಂಬಳ ಬ್ಯಾಂಕಿಗೆ ಬರುತ್ತಿದ್ದ, ಲ್ಯಾಪ್‌ಟಾಪ್ ಮುಂದೆ ಕೂತು ಕೆಲಸ ಮಾಡಬಹುದಾಗಿದ್ದ ನಮ್ಮ ನಿಮ್ಮಂಥವರಿಗೆ. ಖರ್ಚು ಒಬ್ಬರ ಖಾತೆಗೆ ಬಿತ್ತು, ಜಮೆ ಇನ್ನೊಬ್ಬರದಕ್ಕೆ ಹೋಯಿತು. ಒಬ್ಬನ ದುಡಿಮೆ ನಿಲ್ಲಿಸಿ ಇನ್ನೊಬ್ಬನ ಜೀವ ಉಳಿಸಿದ್ದರೆ ದುಡಿಮೆ ನಿಂತವನಿಗೆ ಕೂಲಿ ಸಲ್ಲಬೇಕು. ಅದನ್ನು ದಾನ ಎಂದು ಕರೆದರೆ ನನಗೆ ಸಿಟ್ಟು ಬರುತ್ತದೆ. ಅದು ಸಾಲ. ತೀರಿಸಬೇಕಾದ ಸಾಲ.

ನಾನು ಹೇಳಬೇಕೆಂದು ಬಂದದ್ದು ಇಷ್ಟೇ, ಮಿಕ್ಕದ್ದೆಲ್ಲ ಇದರ ವಿವರ.

ಹಾಗೆಂದು ರೋಗವೇ ದೊಡ್ಡದಾಗಿರಲಿಲ್ಲ, ಸುಮ್ಮನೆ ಹೆದರಿಸಿದರು ಎನ್ನುವವರ ಜೊತೆ ನಾನಿಲ್ಲ. 2020 ಮತ್ತು 21ರಲ್ಲಿ ಭಾರತದಲ್ಲಿ ಸುಮಾರು 47 ಲಕ್ಷ ಹೆಚ್ಚುವರಿ ಸಾವು ಸಂಭವಿಸಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು. ಸರ್ಕಾರ ಆ ಅಂದಾಜನ್ನು ಒಪ್ಪಲಿಲ್ಲ, ಸರ್ಕಾರಿ ಲೆಕ್ಕದಲ್ಲಿ ಅದರ ಹತ್ತನೇ ಒಂದು ಭಾಗ. ಯಾವ ಅಂಕಿ ಹಿಡಿದರೂ 2021ರ ಏಪ್ರಿಲ್‌ನಲ್ಲಿ ಬೆಡ್ಡಿಗಾಗಿ ಫೋನ್ ಮಾಡಿದ ಯಾರೂ ಅದನ್ನು ಸಣ್ಣ ರೋಗ ಎನ್ನಲಾರರು. ನನ್ನ ಲೆಕ್ಕದ ಹೋಟೆಲು ಮಾಲೀಕರೊಬ್ಬರು ಆ ತಿಂಗಳು ತೀರಿಕೊಂಡರು. ಹೋಟೆಲಿನ ಮೇಲಿದ್ದ ಕೈಸಾಲಗಳು ಅವರ ತಲೆಯಲ್ಲೇ ಇದ್ದವು, ಕಾಗದದಲ್ಲಿ ಇರಲಿಲ್ಲ. ಒಬ್ಬ ಹೋದರೆ ಅವನ ಹಿಂದೆ ಒಂದು ಕುಟುಂಬ, ಒಂದು ಅಡುಗೆಮನೆ, ಏಳೆಂಟು ಸಂಬಳಗಳು ಹೋಗುತ್ತವೆ. ಸಾವೂ ಆರ್ಥಿಕ ನಷ್ಟವೇ. ಜಿಡಿಪಿಯ ಮಾತಾಡುವವರು ಇದನ್ನು ಮರೆಯುತ್ತಾರೆ.

ಇನ್ನೊಂದು ವಿಷಯ. ಆದೇಶವೇ ವ್ಯಾಪಾರ ಕೊಂದಿತು, ಆದೇಶ ತೆಗೆದರೆ ವ್ಯಾಪಾರ ಬರುತ್ತಿತ್ತು ಎಂದು ನಮ್ಮ ಹೋಟೆಲಿನವರಲ್ಲಿ ಹಲವರು ನಂಬಿದ್ದರು. ಅಮೆರಿಕದಲ್ಲಿ ಆಸ್ಟನ್ ಗೂಲ್ಸ್‌ಬೀ, ಚಾಡ್ ಸೈವರ್ಸನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2020ರಲ್ಲಿ ಮೊಬೈಲ್ ಫೋನುಗಳ ಓಡಾಟದ ಮಾಹಿತಿ ಹಿಡಿದು ಲಕ್ಷಾಂತರ ಅಂಗಡಿಗಳ ಗಿರಾಕಿಗಳನ್ನು ಎಣಿಸಿದರು. ಒಟ್ಟು ಓಡಾಟ ನೂರಕ್ಕೆ ಅರವತ್ತರಷ್ಟು ಇಳಿದಿತ್ತು. ಅದರಲ್ಲಿ ಸರ್ಕಾರಿ ಆದೇಶದ ಪಾಲು ಬರೀ ಏಳು. ಮಿಕ್ಕದ್ದು ಜನರ ಭಯ. ನಮ್ಮಲ್ಲಿ ಆ ಮಾತು ಹಾಗೇ ಹೊಂದುವುದಿಲ್ಲ. ಭಯ ಬರುವ ಮೊದಲೇ ನಮ್ಮಲ್ಲಿ ಆದೇಶ ಬಂದಿತ್ತು, 2020ರ ಏಪ್ರಿಲ್-ಜೂನ್ ತ್ರೈಮಾಸಿಕದಲ್ಲಿ ಜಿಡಿಪಿ ನೂರಕ್ಕೆ 23.9ರಷ್ಟು ಕುಸಿದಿದೆ ಎಂದು ಮೊದಲ ಅಂದಾಜಿನಲ್ಲೇ ಹೇಳಿದರು. ಆದರೆ ಅಕ್ಟೋಬರ್ 5ರಿಂದ ಮಹಾರಾಷ್ಟ್ರದಲ್ಲಿ ಅರ್ಧ ಕುರ್ಚಿಗಳೊಂದಿಗೆ ಹೋಟೆಲು ತೆರೆಯಲು ಬಿಟ್ಟಾಗ ಏನಾಯಿತು? ನಾನು ಹೇಳಿದ ಆ ಫೋರ್ಟ್ ಹೋಟೆಲಿನಲ್ಲಿ ಅರ್ಧ ಕುರ್ಚಿಯೂ ತುಂಬಲಿಲ್ಲ. ಆಫೀಸುಗಳು ಖಾಲಿ, ಸಾಮಾನ್ಯ ಜನರಿಗೆ ಲೋಕಲ್ ಇಲ್ಲ. ಒಳಗೆ ಬಂದವರು ಗ್ಲಾಸಿನ ನೀರು ಮುಟ್ಟುತ್ತಿರಲಿಲ್ಲ, ಬಾಟಲಿ ಮನೆಯಿಂದ ತರುತ್ತಿದ್ದರು. ರೋಗ ಊರಲ್ಲಿ ಇರುವ ತನಕ ಇಡ್ಲಿ ಮಾರಾಟವಾಗುವುದಿಲ್ಲ. ಹಾಗಾಗಿ ರೋಗ ಹತೋಟಿಗೆ ತರುವುದು ವ್ಯಾಪಾರದ ಕೆಲಸವೂ ಹೌದು. ಎರಡನ್ನೂ ಎದುರಾಳಿಗಳಂತೆ ನಿಲ್ಲಿಸಿದ್ದೇ ತಪ್ಪು.

ಈ ಊರಿಗೆ ಇದು ಹೊಸತಲ್ಲ. 1896ರ ಸೆಪ್ಟೆಂಬರ್‌ನಲ್ಲಿ ಇಲ್ಲಿನ ಮಾಂಡ್ವಿಯಲ್ಲಿ ಗೋವಾ ಮೂಲದ ಡಾಕ್ಟರ್ ಅಕಾಸಿಯೊ ವಿಯೇಗಸ್ ಪ್ಲೇಗನ್ನು ಗುರುತಿಸಿದರು. ಆಗ ಎಂಟು ಲಕ್ಷ ಚಿಲ್ಲರೆ ಜನರಿದ್ದ ಊರಿನಿಂದ ಕೆಲವೇ ತಿಂಗಳಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಮಂದಿ ಓಡಿಹೋದರು. ಮಿಲ್ಲುಗಳಿಗೆ ಆಳು ಸಿಗದೆ ಕೂಲಿಯನ್ನು ಅಂದಂದೇ ಕೊಡಬೇಕಾಗಿ ಬಂತು. ಓಡಿದವರ ಜೊತೆ ರೋಗವೂ ರೈಲು ಹತ್ತಿತು. ಹುಬ್ಬಳ್ಳಿ ಕಡೆಯಿಂದ ಅದು 1898ರಲ್ಲಿ ಬೆಂಗಳೂರು ಮುಟ್ಟಿತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದ ಕಥೆಯ ಹಿಂದೆ ಆ ಪ್ಲೇಗಿದೆ.

ಪ್ಲೇಗು ತಡೆಯಲು ಬ್ರಿಟಿಷರು ಮಾಡಿದ್ದೇನು? ಮನೆಗೆ ನುಗ್ಗಿ ತಪಾಸಣೆ, ರೋಗಿಯನ್ನು ಬಲವಂತವಾಗಿ ಆಸ್ಪತ್ರೆಗೆ ಎಳೆದೊಯ್ಯುವುದು, ಸಾಮಾನು ಸುಡುವುದು, ರೈಲು ನಿಲ್ದಾಣಗಳಲ್ಲಿ ಮೈ ಮುಟ್ಟಿ ಪರೀಕ್ಷೆ. ಪುಣೆಯಲ್ಲಿ ಅದರ ಉಸ್ತುವಾರಿ ವಹಿಸಿದ್ದ ರ‍್ಯಾಂಡ್‌ನನ್ನು 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ಗುಂಡಿಕ್ಕಿದರು. ಮುಂಬಯಿಯಲ್ಲಿ 1898ರ ಮಾರ್ಚ್‌ನಲ್ಲಿ ಮದನ್‌ಪುರದ ನೇಕಾರರು ದಂಗೆ ಎದ್ದರು, ಪ್ಲೇಗಿನ ತಂಡದವರು ಒಂದು ಮನೆಯ ಹುಡುಗಿಯನ್ನು ಒಯ್ಯಲು ಬಂದಿದ್ದೇ ಕಿಡಿ. ಅದೇ ಪುಣೆಯಲ್ಲಿ ಬೇರೆ ದಾರಿಯೂ ಇತ್ತು. ಸಾವಿತ್ರಿಬಾಯಿ ಫುಲೆ ಮತ್ತು ಡಾಕ್ಟರ್ ಆಗಿದ್ದ ಅವರ ಮಗ ಯಶವಂತ ಊರಾಚೆ ಚಿಕಿತ್ಸಾಲಯ ತೆರೆದು ರೋಗಿಗಳನ್ನು ನೋಡಿಕೊಂಡರು. ಆ ಸೇವೆಯಲ್ಲೇ ರೋಗ ತಗುಲಿ ಸಾವಿತ್ರಿಬಾಯಿ 1897ರ ಮಾರ್ಚ್ 10ರಂದು ತೀರಿಕೊಂಡರು. ರೋಗಿಯನ್ನು ಬೇರ್ಪಡಿಸುವ ಕೆಲಸ ಎರಡೂ ಕಡೆ ನಡೆಯಿತು. ಒಂದು ಕಡೆ ಜನ ಬಚ್ಚಿಟ್ಟುಕೊಂಡರು, ಇನ್ನೊಂದು ಕಡೆ ನಂಬಿ ಬಂದರು.

1897ರ ಫೆಬ್ರವರಿಯಲ್ಲಿ ಬಂದ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ನೀವು ಒಮ್ಮೆ ಓದಬೇಕು. ಒಂದೆರಡು ಪುಟ, ನಾಲ್ಕೇ ಕಲಮುಗಳು. ಅಧಿಕಾರಿಗೆ ಏನು ಬೇಕಾದರೂ ಆದೇಶಿಸುವ ಹಕ್ಕಿದೆ. ಮೀರಿದವನಿಗೆ ಶಿಕ್ಷೆ ಇದೆ. ಅಧಿಕಾರಿಯ ಮೇಲೆ ದಾವೆ ಹೂಡುವಂತಿಲ್ಲ ಎಂಬ ರಕ್ಷಣೆ ಇದೆ. ಆದೇಶದಿಂದ ದುಡಿಮೆ ಕಳೆದುಕೊಂಡವನಿಗೆ ಏನು ಕೊಡಬೇಕು ಎಂಬ ಒಂದು ವಾಕ್ಯವೂ ಇಲ್ಲ. 2020ರ ಮಾರ್ಚ್ 13ರಂದು ಮಹಾರಾಷ್ಟ್ರ ಸರ್ಕಾರ ಕೈಗೆತ್ತಿಕೊಂಡದ್ದು ಇದೇ ಕಾಯ್ದೆಯನ್ನು. ಮುಂದೆ ಅದಕ್ಕೆ ತಿದ್ದುಪಡಿಯಾಯಿತು, ಆರೋಗ್ಯ ಕಾರ್ಯಕರ್ತರ ಮೇಲೆ ಕೈಮಾಡುವವರಿಗೆ ಕಠಿಣ ಶಿಕ್ಷೆ ಸೇರಿಸಿದರು. ಅದು ಆಗಬೇಕಾದದ್ದೇ. ಕೂಲಿಯ ಮಾತು ಆಗಲೂ ಬರಲಿಲ್ಲ.

ದೇಶವ್ಯಾಪಿ ಲಾಕ್‌ಡೌನ್ ಹೇರಿದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ. ಅದರ 12ನೇ ಕಲಮು ಸ್ವಲ್ಪ ಮನುಷ್ಯತ್ವದ್ದು. ವಿಪತ್ತಿನಲ್ಲಿ ಸಿಲುಕಿದವರಿಗೆ ನೆಲೆ, ಊಟ, ನೀರು, ಚಿಕಿತ್ಸೆ, ಸತ್ತವರ ಮನೆಗೆ ಪರಿಹಾರ, ಮತ್ತು ಜೀವನೋಪಾಯ ಮತ್ತೆ ಕಟ್ಟಿಕೊಳ್ಳಲು ನೆರವು, ಇಷ್ಟಕ್ಕೂ ಕನಿಷ್ಠ ಮಟ್ಟ ನಿಗದಿಯಾಗಬೇಕು ಎನ್ನುತ್ತದೆ. 2021ರ ಜೂನ್ 30ರಂದು ಸುಪ್ರೀಂ ಕೋರ್ಟು ಇದೇ ಕಲಮು ಹಿಡಿದು ಕೋವಿಡ್‌ನಿಂದ ಸತ್ತವರ ಕುಟುಂಬಕ್ಕೆ ಪರಿಹಾರ ಕೊಡಲೇಬೇಕೆಂದಿತು, 50,000 ರೂಪಾಯಿ ಗೊತ್ತಾಯಿತು. ಅದೇ ಸಾಲಿನಲ್ಲಿರುವ ಜೀವನೋಪಾಯದ ಮಾತಿಗೆ ಅಂಥ ಗತಿ ಸಿಗಲಿಲ್ಲ.

ಸಂಬಳದ ವಿಷಯದಲ್ಲಿ ಸರ್ಕಾರ ಏನು ಮಾಡಿತು? 2020ರ ಮಾರ್ಚ್ 29ರಂದು ಗೃಹ ಸಚಿವಾಲಯ ಒಂದು ಆದೇಶ ಹೊರಡಿಸಿತು: ಮುಚ್ಚಿದ ಅವಧಿಗೂ ಮಾಲೀಕರು ಪೂರ್ತಿ ಸಂಬಳ ಕೊಡಬೇಕು, ಮನೆ ಮಾಲೀಕರು ಒಂದು ತಿಂಗಳು ಬಾಡಿಗೆ ಕೇಳಬಾರದು. ಓದಲು ಚೆನ್ನಾಗಿತ್ತು. ಆ ದಿನ ನನಗೆ ಒಂದರ ಹಿಂದೊಂದು ಫೋನು. ಗಲ್ಲಾದಲ್ಲಿ ದುಡ್ಡಿಲ್ಲ, ಕಂಡಕ್ಟಿಂಗ್ ಹಣ ಕೊಡಬೇಕು, ತಂದಿಟ್ಟ ತರಕಾರಿ ಕೊಳೆತಿದೆ, ರುಬ್ಬಿದ ಹಿಟ್ಟು ಚೆಲ್ಲಿದ್ದಾಯಿತು, ಸಂಬಳ ಎಲ್ಲಿಂದ ಕೊಡಲಿ? ದೊಡ್ಡ ಕಂಪನಿ ಕೊಡಬಹುದು. ಎರಡು ತಿಂಗಳ ಖರ್ಚೂ ಕೈಯಲ್ಲಿ ಇಲ್ಲದ ಹೋಟೆಲು ಕೊಡಲಾರದು. ಮೇ 18ರಿಂದ ಆ ಆದೇಶವನ್ನು ಹಿಂದಕ್ಕೆ ಪಡೆದರು. ಜೂನ್ 12ರಂದು ಸುಪ್ರೀಂ ಕೋರ್ಟು, ಮಾಲೀಕರು ಕಾರ್ಮಿಕರು ಕೂತು ಮಾತಾಡಿಕೊಳ್ಳಿ ಎಂದಿತು. ಇಡೀ ಸಮಾಜಕ್ಕೆ ಬೇಕಾದ ಒಂದು ಕ್ರಮದ ಖರ್ಚನ್ನು ಒಬ್ಬ ಸಣ್ಣ ಮಾಲೀಕನ ಖಾತೆಗೆ ಬರೆದು, ಆಮೇಲೆ ಅಳಿಸಿ, ಕೊನೆಗೆ ಆ ಹುಡುಗನ ಖಾತೆಗೇ ಬಿಟ್ಟರು. ಬ್ರಿಟನ್ನಿನಲ್ಲಿ ಅದೇ ಸಮಯದಲ್ಲಿ ಸರ್ಕಾರವೇ ಒಂದು ಮಿತಿಯೊಳಗೆ ಸಂಬಳದ ನೂರಕ್ಕೆ ಎಂಬತ್ತು ಕೊಡುತ್ತಿತ್ತು. ಅಷ್ಟು ಹಣ ನಮಗೆಲ್ಲಿ ಎಂದು ಕೇಳಬಹುದು. ಹಣ ಕಡಿಮೆ ಇರಬಹುದು, ಅಕ್ಕಿ ಗೋಧಿ ಇತ್ತಲ್ಲ! ಆಹಾರ ನಿಗಮದ ಗೋದಾಮುಗಳಲ್ಲಿ 2020ರ ಏಪ್ರಿಲ್‌ನಲ್ಲಿ ಇರಬೇಕಾದ ಕಾಪು ದಾಸ್ತಾನಿನ ಎರಡು ಪಟ್ಟಿಗೂ ಹೆಚ್ಚು ಧಾನ್ಯವಿತ್ತು. ತಲೆಗೆ ಐದು ಕಿಲೋ ಪುಕ್ಕಟೆ ಎಂದು ಮಾರ್ಚ್ 26ಕ್ಕೇ ಘೋಷಿಸಿದ್ದರು. ಆದರೆ ಹೋಟೆಲು ಹುಡುಗನ ಹೆಸರಿರುವ ರೇಷನ್ ಕಾರ್ಡು ಯಾದಗಿರಿ ಕಡೆಯ ಶಹಾಪುರದಲ್ಲಿ, ಅವನು ಮುಂಬಯಿಯಲ್ಲಿ. ಅವನ ಪಾಲಿನ ಐದು ಕಿಲೋ ಊರಿನ ಕಾರ್ಡಿನ ಮೇಲೇ ಉಳಿಯಿತು, ಅವನು ಇಲ್ಲಿ ಗುರುದ್ವಾರದ, ಸಂಘಸಂಸ್ಥೆಗಳ ಪೊಟ್ಟಣಕ್ಕೆ ಕಾದು ನಿಂತ.

ಸರಿಯಾಗಿ ನಡೆದದ್ದೂ ಇದೆ, ಅದನ್ನೂ ಹೇಳಬೇಕು. ಧಾರಾವಿ ಇಲ್ಲಿಂದ ಎಷ್ಟು ದೂರ? ಸಯನ್ ದಾಟಿದರೆ ಧಾರಾವಿ. ಎರಡು ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ಜಾಗ, ಎಂಟೂವರೆ ಲಕ್ಷದಷ್ಟು ಜನ. ಏಪ್ರಿಲ್ 1ಕ್ಕೆ ಮೊದಲ ಪ್ರಕರಣ ಬಂದಾಗ ಎಲ್ಲರೂ ಎದೆ ಒಡೆದುಕೊಂಡೆವು. ಜುಲೈ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರೇ ಧಾರಾವಿಯ ಉದಾಹರಣೆ ಕೊಡುತ್ತಿದ್ದರು. ಪಾಲಿಕೆಯವರು ಅಲ್ಲಿನ ಖಾಸಗಿ ಡಾಕ್ಟರುಗಳನ್ನು ಸೇರಿಸಿಕೊಂಡು ಮನೆಮನೆಗೆ ಹೋದರು, ಶೌಚಾಲಯಗಳನ್ನು ದಿನಕ್ಕೆ ಹಲವು ಸಲ ತೊಳೆಸಿದರು, ಶಾಲೆ, ಮದುವೆ ಹಾಲು, ಕ್ರೀಡಾಂಗಣಗಳನ್ನು ಕ್ವಾರಂಟೈನ್ ಕೇಂದ್ರ ಮಾಡಿದರು. ಅಲ್ಲಿಗೆ ಹೋದವರಿಗೆ ಎರಡು ಹೊತ್ತು ಊಟ, ಡಾಕ್ಟರು, ಔಷಧಿ, ಒಂದು ಪೈಸೆ ಖರ್ಚಿಲ್ಲ. ಆ ಊಟವೇ ಅಲ್ಲಿ ಅರ್ಧ ಚಿಕಿತ್ಸೆ. ಬಚ್ಚಿಟ್ಟುಕೊಂಡರೆ ಉಪವಾಸ, ಹೊರಗೆ ಬಂದು ಜ್ವರ ಇದೆ ಎಂದರೆ ಊಟ ಎಂದಾದಾಗ ಜನ ಯಾಕೆ ಬಚ್ಚಿಟ್ಟುಕೊಳ್ಳುತ್ತಾರೆ? ಧಾರಾವಿಯಿಂದ ಬಹಳಷ್ಟು ಜನ ಊರಿಗೆ ಹೋಗಿದ್ದರಿಂದ ದಟ್ಟಣೆ ಕಡಿಮೆಯಾಗಿತ್ತು ಎಂಬುದೂ ನಿಜ. ಆದರೂ ಅಲ್ಲಿ ಕೆಲಸ ಮಾಡಿದವರಿಗೆ ಸಲ್ಲಬೇಕಾದ ಗೌರವ ಸಲ್ಲಲಿ. ರಾಜ್ಯ ಸರ್ಕಾರದ ಶಿವಭೋಜನ ಥಾಳಿಯನ್ನೂ ನೆನೆಯಬೇಕು. 2020ರ ಜನವರಿಯಲ್ಲಿ ಹತ್ತು ರೂಪಾಯಿಗೆ ಶುರುವಾದದ್ದನ್ನು ಲಾಕ್‌ಡೌನಿನಲ್ಲಿ ಐದಕ್ಕೆ ಇಳಿಸಿದರು, ಎರಡನೇ ಅಲೆಯಲ್ಲಿ ಪುಕ್ಕಟೆ ಮಾಡಿದರು.

ಎರಡನೇ ಅಲೆಯಲ್ಲಿ, 2021ರ ಏಪ್ರಿಲ್ 14ರ ರಾತ್ರಿಯಿಂದ ಮಹಾರಾಷ್ಟ್ರ ಮತ್ತೆ ಬಾಗಿಲು ಹಾಕಿತು. ಈ ಸಲ ಮುಖ್ಯಮಂತ್ರಿ ಉದ್ಧವ್ ಠಾಕ್ರೆ ಆದೇಶದ ಜೊತೆಗೇ 5,476 ಕೋಟಿಯ ನೆರವನ್ನೂ ಹೇಳಿದರು. ನೋಂದಾಯಿತ ಕಟ್ಟಡ ಕಾರ್ಮಿಕರಿಗೆ, ಬೀದಿ ವ್ಯಾಪಾರಿಗಳಿಗೆ, ಮನೆಗೆಲಸದವರಿಗೆ, ಪರ್ಮಿಟ್ ಇರುವ ರಿಕ್ಷಾದವರಿಗೆ ತಲಾ 1,500 ರೂಪಾಯಿ. ಏಳು ಕೋಟಿ ಜನರಿಗೆ ಒಂದು ತಿಂಗಳು ಮೂರು ಕಿಲೋ ಗೋಧಿ, ಎರಡು ಕಿಲೋ ಅಕ್ಕಿ. 1,500 ರೂಪಾಯಿ ಮುಂಬಯಿಯಲ್ಲಿ ಎಷ್ಟು ದಿನಕ್ಕೆ ಸಾಕು ಎಂದು ಕೇಳಬೇಡಿ. ಆದರೆ ನಿರ್ಬಂಧವನ್ನೂ ಪರಿಹಾರವನ್ನೂ ಒಂದೇ ಉಸಿರಿನಲ್ಲಿ ಹೇಳುವ ಪದ್ಧತಿ ಅಲ್ಲಿ ಕಂಡಿತು, ಅದನ್ನು ನಾನು ಮೆಚ್ಚುತ್ತೇನೆ. ಒಂದೇ ಒಂದು ಕೊರತೆ. ಆ ಪಟ್ಟಿಯಲ್ಲಿ ಹೋಟೆಲು ಕಾರ್ಮಿಕ ಇರಲಿಲ್ಲ. ಅವನ ಹೆಸರು ಯಾವ ಕಾರ್ಮಿಕ ಕಲ್ಯಾಣ ಮಂಡಳಿಯ ಪುಸ್ತಕದಲ್ಲೂ ಇಲ್ಲ. ನಮ್ಮ ಎಷ್ಟೋ ಹೋಟೆಲುಗಳು ಅವನ ಹೆಸರನ್ನು ಪಿಎಫ್‌ಗೂ ಬರೆಸಿಲ್ಲ, ಇಎಸ್‌ಐಗೂ ಬರೆಸಿಲ್ಲ. ಸಭೆಯಲ್ಲಿ ಮಾಲೀಕರು ಕೂತಿದ್ದೀರಿ, ಬೇಸರ ಮಾಡಿಕೊಳ್ಳಬೇಡಿ. ಕಾಗದದ ಮೇಲೆ ಇಲ್ಲದವನಿಗೆ ಕೊಡಲು ಮನಸ್ಸಿರುವ ಸರ್ಕಾರಕ್ಕೂ ದಾರಿ ಇರುವುದಿಲ್ಲ.

ಊರಿನ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. 2020ರ ಮೇ ತಿಂಗಳಲ್ಲಿ ಸೇವಾಸಿಂಧುವಿನಲ್ಲಿ ಪಾಸಿಗೆ ಅರ್ಜಿ ಹಾಕಿ, ಬಸ್ಸಿಗೆ ದುಪ್ಪಟ್ಟು ದುಡ್ಡು ಕೊಟ್ಟು, ನಿಪ್ಪಾಣಿ ಗಡಿಯಲ್ಲಿ ಬಿಸಿಲಲ್ಲಿ ಕಾದು ನಮ್ಮವರು ಊರಿಗೆ ಹೋದರು. ಮೇ 18ರಂದು ಕರ್ನಾಟಕ ಸರ್ಕಾರ ಮಹಾರಾಷ್ಟ್ರದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಬಾಗಿಲು ಹಾಕಿತು. ಉಡುಪಿಯಲ್ಲಿ ಆ ದಿನಗಳ ಪ್ರಕರಣಗಳಲ್ಲಿ ಹೆಚ್ಚಿನವು ಮಹಾರಾಷ್ಟ್ರದಿಂದ ಹೋದವರದ್ದೇ. ಊರಿನವರ ಭಯ ಸುಳ್ಳಲ್ಲ. ಆದರೆ ‘ಮುಂಬಯಿಯವರು ಬಂದರು’ ಎಂದು ಬೇಲಿ ಹಾಕಿದ ಊರುಗಳಲ್ಲಿ ಶಾಲೆಯ ಕೋಣೆ, ದೇವಸ್ಥಾನದ ಮಾಡು ಕಟ್ಟಲು ದುಡ್ಡು ಹೋದದ್ದು ಇಲ್ಲಿನ ಗಲ್ಲಾಗಳಿಂದ. ಆ ಶಾಲೆಗಳಲ್ಲೇ ಅವರು ಕ್ವಾರಂಟೈನ್‌ನಲ್ಲಿ ಮಲಗಿದರು. ಹೋದವರಲ್ಲಿ ಕೆಲವರು ತಿರುಗಿ ಮುಂಬಯಿಗೆ ಬರಲೇ ಇಲ್ಲ.

ನಿರ್ಬಂಧಗಳು ಎಲ್ಲವೂ ಒಂದೇ ತೂಕದವಲ್ಲ, ಅವನ್ನು ಒಟ್ಟಿಗೆ ಸರಿ ಅಥವಾ ತಪ್ಪು ಎನ್ನುವುದು ಸರಿಯಲ್ಲ. ಮಾಸ್ಕಿಗೆ ಹೆಚ್ಚು ಖರ್ಚಿಲ್ಲ. ಗಾಳಿ ಆಡುವ ಹಾಗೆ ಕಿಟಕಿ ತೆರೆಸಿದರೆ ಹೋಟೆಲಿಗೆ ನಷ್ಟವಿಲ್ಲ. ಬಾಂದ್ರಾ-ಕುರ್ಲಾದಲ್ಲಿ, ಗೋರೆಗಾಂವದಲ್ಲಿ ಕಟ್ಟಿದ ಜಂಬೋ ಆಸ್ಪತ್ರೆಗಳು, ವಾರ್ಡಿಗೊಂದು ವಾರ್ ರೂಮು ಮಾಡಿ ಬೆಡ್ಡು ಹಂಚಿದ್ದು, ಇವು ಎರಡನೇ ಅಲೆಯಲ್ಲಿ ಜೀವ ಉಳಿಸಿದವು, ಯಾರ ದುಡಿಮೆಯನ್ನೂ ಕಸಿಯಲಿಲ್ಲ. ಇನ್ನೊಂದು ತುದಿಯಲ್ಲಿ ಶಾಲೆ. ಮುಂಬಯಿಯಲ್ಲಿ 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳಲ್ಲಿ ಎಂಟರಿಂದ ಮೇಲಿನ ತರಗತಿಗಳು ತೆರೆದದ್ದು 2021ರ ಅಕ್ಟೋಬರ್ 4ಕ್ಕೆ, ಚಿಕ್ಕ ಮಕ್ಕಳಿಗೆ ಡಿಸೆಂಬರ್‌ನಲ್ಲಿ. ಹೋಟೆಲು, ಮಾಲ್, ಬಾರ್ ಕೂಡ ತೆರೆದ ಮೇಲೆ ಶಾಲೆ ತೆರೆಯಿತು. ಮೂರು ಮಕ್ಕಳ ನಡುವೆ ಒಂದು ಫೋನು, ಅದೂ ಅಪ್ಪ ಕೆಲಸಕ್ಕೆ ಹೋದರೆ ಜೊತೆಗೆ ಹೋಗುತ್ತದೆ. ಇದು ನನ್ನ ಪ್ರಕಾರ ಅನ್ಯಾಯ. ಕ್ಷಯದ ಮಾತೂ ಹಾಗೇ. ದೇಶದಲ್ಲಿ 2019ರಲ್ಲಿ 24 ಲಕ್ಷ ಕ್ಷಯರೋಗಿಗಳು ದಾಖಲಾಗಿದ್ದರು, 2020ರಲ್ಲಿ 18 ಲಕ್ಷ. ಕಡಿಮೆಯಾದ ಆರು ಲಕ್ಷ ಜನರಿಗೆ ಕ್ಷಯ ವಾಸಿಯಾಗಿರಲಿಲ್ಲ, ಹುಡುಕುವವರು ಇರಲಿಲ್ಲ. ಔಷಧಿಗೂ ಬಗ್ಗದ ಕ್ಷಯ ಇರುವ ಮುಂಬಯಿಯಂಥ ಊರಿಗೆ ಇದು ಮುಂದಿನ ವರ್ಷಗಳ ಕಾಯಿಲೆ.

ಇನ್ನು ಪ್ರಶ್ನೆಗಳು.

ಹಿರಿಯರೊಬ್ಬರು ಎದ್ದು ಕೇಳಿದರು: ಹಾಗಾದರೆ ಲಾಕ್‌ಡೌನ್ ಬೇಡವೇ ಬೇಡವಿತ್ತು ಎನ್ನುತ್ತೀರಾ?

ಇಲ್ಲ. ಏನೂ ಮಾಡದೆ ಕೂತರೆ ಏನಾಗುತ್ತದೆ ಎಂಬುದನ್ನೂ ಈ ಊರು ಕಂಡಿದೆ. 1918ರ ಜೂನ್‌ನಲ್ಲಿ ಬಂದರಿನ ಕಡೆಯಿಂದ ಇನ್‌ಫ್ಲುಯೆಂಜಾ ಒಳಗೆ ಬಂತು. ಯುದ್ಧಕಾಲದ ಆಡಳಿತ ಕೈಕಟ್ಟಿ ಕೂತಿತ್ತು, ಮಳೆ ಕೈಕೊಟ್ಟು ಧಾನ್ಯದ ಬೆಲೆ ಏರಿತ್ತು. ಅಕ್ಟೋಬರ್ 6, ಒಂದೇ ದಿನ ಮುಂಬಯಿಯಲ್ಲಿ 768 ಜನ ಸತ್ತರು. ದೇಶದಲ್ಲಿ ಸತ್ತವರು ಒಂದು ಕೋಟಿಗೂ ಹೆಚ್ಚು. ಆಗ ಮನೆಮನೆಗೆ ಔಷಧಿ, ಹಾಲು ಮುಟ್ಟಿಸಿದವರು ಹೆಚ್ಚಾಗಿ ಸ್ವಯಂಸೇವಕರು. 2020ರಲ್ಲಿ ಆಸ್ಪತ್ರೆ ಸಜ್ಜಾಗಲು ಸಮಯ ಬೇಕಿತ್ತು, ಕೆಲವು ವಾರ ಬಾಗಿಲು ಹಾಕಿದ್ದು ಸರಿ. ನಾಲ್ಕು ಗಂಟೆಯ ಬದಲು ನಾಲ್ಕು ದಿನ ಕೊಟ್ಟು, ರೈಲು ಓಡಿಸಿ, ಉಳಿದವರಿಗೆ ಕಾರ್ಡು ಕೇಳದೆ ಧಾನ್ಯ ಕೊಟ್ಟು, ಕೈಗೆ ಒಂದಿಷ್ಟು ದುಡ್ಡು ಹಾಕಿ ಬಾಗಿಲು ಹಾಕಿದ್ದರೆ ಅದೇ ನಿರ್ಬಂಧವನ್ನು ಜನ ಇನ್ನೂ ಚೆನ್ನಾಗಿ ಪಾಲಿಸುತ್ತಿದ್ದರು. ಏಪ್ರಿಲ್ 14ರಂದು ಲಾಕ್‌ಡೌನ್ ಮುಂದುವರಿಸಿದ ದಿನ ಬಾಂದ್ರಾ ನಿಲ್ದಾಣದ ಹೊರಗೆ ಸಾವಿರಾರು ಜನ ಸೇರಿದರಲ್ಲ, ಅವರಲ್ಲಿ ರೋಗಕ್ಕೆ ಹೆದರದವರು ಯಾರೂ ಇರಲಿಲ್ಲ ಎಂದು ನಾನು ಭಾವಿಸುತ್ತೇನೆ. ಹಸಿವಿಗೆ ಅವರು ಹೆಚ್ಚು ಹೆದರಿದ್ದರು.

ಒಬ್ಬ ಯುವತಿ ಕೇಳಿದಳು: ಸರ್ಕಾರದ್ದು ಇರಲಿ, ಮುಂದಿನ ಸಲಕ್ಕೆ ನಮ್ಮ ಸಂಘಗಳು ಈಗ ಏನು ಮಾಡಬಹುದು?

2020ರಲ್ಲಿ ಮುಂಬಯಿಯ ಜಾತಿ ಸಂಘಗಳು, ಕನ್ನಡ ಸಂಘಗಳು ಕಿಟ್ಟು ಹಂಚಿದವು, ಬಸ್ಸು ಮಾಡಿಸಿದವು. ಆದರೆ ಸಂಘದ ಸದಸ್ಯರ ಪಟ್ಟಿಯಲ್ಲಿ ಇದ್ದವರು ಬಹುತೇಕ ಮಾಲೀಕರು, ನೌಕರಿಯವರು. ಅಂಧೇರಿಯ ಹೋಟೆಲೊಂದರ ಅಟ್ಟದಲ್ಲಿರುವ ಕೊಪ್ಪಳದ ಹುಡುಗ ಕನ್ನಡಿಗನೇ ಆದರೂ ಯಾವ ಸಂಘಕ್ಕೂ ಸೇರಿದವನಲ್ಲ, ಕನ್‌ಸ್ಟ್ರಕ್ಷನ್ ಸೈಟಿನಲ್ಲಿ ತಗಡಿನ ಶೆಡ್ಡಿನಲ್ಲಿರುವ ಕಲಬುರಗಿಯ ಸಂಸಾರವೂ ಅಲ್ಲ. ಅವರನ್ನು ಹುಡುಕುವ ಕೆಲಸ ರೋಗ ಬರುವ ಮೊದಲೇ ಆಗಬೇಕು. ಹೆಸರು, ಊರು, ಬ್ಯಾಂಕ್ ಖಾತೆ, ರೇಷನ್ ಕಾರ್ಡು ಎಲ್ಲಿಯದು, ಅದನ್ನು ಇಲ್ಲಿನ ಅಂಗಡಿಯಲ್ಲಿ ಬಳಸಬಹುದೆಂದು ಅವನಿಗೆ ಗೊತ್ತಿದೆಯೇ, ಅಸಂಘಟಿತ ಕಾರ್ಮಿಕರ ಸರ್ಕಾರಿ ಪಟ್ಟಿಯಾದ ಇ-ಶ್ರಮ್‌ನಲ್ಲಿ ನೋಂದಣಿ ಆಗಿದೆಯೇ, ಕಟ್ಟಡ ಕಾರ್ಮಿಕನಾದರೆ ಮಂಡಳಿಯ ಕಾರ್ಡು ಇದೆಯೇ, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು, ವರ್ಷಕ್ಕೊಮ್ಮೆ ತಿದ್ದಬೇಕು. ಮಾಲೀಕರು ಒಪ್ಪಿದರೆ ಭಾನುವಾರ ಮಧ್ಯಾಹ್ನ, ಊಟದ ಗಲಾಟೆ ಮುಗಿದ ಮೇಲೆ, ಮೂರರಿಂದ ಐದರ ತನಕ ಹುಡುಗರಿಗೆ ಬಿಡುವು ಇರುತ್ತದೆ. ಫಾರಂ ತುಂಬಲು ಬರೆಯಬಲ್ಲ ನಾಲ್ಕು ಜನ ಬೇಕು. ಮಾಟುಂಗ, ವಡಾಲ ಕಡೆಯ ಹೋಟೆಲುಗಳಿಂದ ಶುರು ಮಾಡೋಣ ಎಂದಿದ್ದೇವೆ. ಬರುವವರು ಬಾಗಿಲ ಹತ್ತಿರದ ಮೇಜಿನಲ್ಲಿ ಹೆಸರು, ಫೋನ್ ನಂಬರ್ ಬರೆದು ಹೋಗಿ.